ಏಳನೇ ನಂಬರಿನ ಅಂಗಿ

"ಕಾಲುಚೀಲ... ಕಾಲುಚೀಲ... ಅಂಗಿ!"

ಅಂಗಿ ಎಂದು ನೊಯೆಮಿ ಕೂಗಿದ ತಕ್ಷಣ ಟಿಲ್ಲಿಯ ಕಾಲುಗಳ ನಡುವಿನಿಂದ ಚೆಂಡು ಹಿಂದಕ್ಕೆ ಹಾರಿತು. ಐದು ಹೆಜ್ಜೆ ಹಿಂದೆ ನಿಂತಿದ್ದ ಅವಳ ಎದೆಗೆ ನೇರವಾಗಿ ಹೋಗಿ ಟಪ್ ಎಂದು ಅವಳ ಕೈ ಸೇರಿತು.

"ಕಣ್ಣು ಮುಚ್ಕೊಂಡು ಹಿಡಿದೆ, ಗೊತ್ತಾ?" ಎಂದಳು ನೊಯೆಮಿ.

"ಸುಳ್ಳು!"

"ನಿಜವಾಗ್ಲೂ ಕಣೇ. ನೀನು ಬಾಲ್ ಹಾಕಿದ್ರೆ ಕಣ್ಣು ಯಾಕೆ ಬೇಕು?"

ಟಿಲ್ಲಿ ಬಗ್ಗಿಕೊಂಡೇ ಕಾಲುಗಳ ಸಂದಿಯಿಂದ ಹಿಂದಕ್ಕೆ ನೋಡಿ ನಕ್ಕಳು. ನೊಯೆಮಿ ತಲೆಕೆಳಗಾಗಿ ಕಾಣುತ್ತಿದ್ದಳು. ಮೇಲೆ ಬೂಟು, ಕೆಳಗೆ ಜಡೆ. ಎರಡು ವರ್ಷದಿಂದ ಟಿಲ್ಲಿ ಅವಳನ್ನು ಹೆಚ್ಚಾಗಿ ನೋಡಿರುವುದೇ ಹೀಗೆ.

ಕೆಸ್ಲರ್ ಲಾಂಡ್ರಿಯ ಹಿಂದಿನ ಓಣಿ ಅದು. ಏಪ್ರಿಲ್ ಬಂದಿದ್ದರೂ ಗೋಡೆಯ ಮೂಲೆಯಲ್ಲಿ ಇನ್ನೂ ಒಂದಿಷ್ಟು ಕೊಳೆ ಹಿಮ ಉಳಿದಿತ್ತು. ಈರಿ ಸರೋವರದ ಕಡೆಯಿಂದ ಚಳಿಗಾಳಿ ಬೀಸುತ್ತಿತ್ತು. ಆದರೆ ಲಾಂಡ್ರಿಯ ಗೋಡೆಯಲ್ಲಿ ಒಂದು ಕೊಳವೆ ಇತ್ತು, ಅದರಿಂದ ಸೋಪಿನ ವಾಸನೆಯ ಬಿಸಿ ಗಾಳಿ ಸದಾ ಬರುತ್ತಿತ್ತು. ಕೈ ಮರಗಟ್ಟಿದಾಗಲೆಲ್ಲ ಇಬ್ಬರೂ ಓಡಿ ಹೋಗಿ ಅದರ ಮುಂದೆ ಕೈ ಚಾಚುತ್ತಿದ್ದರು. ಟಿಲ್ಲಿಯ ಅಮ್ಮ ಒಳಗೆ ಅದೇ ಲಾಂಡ್ರಿಯಲ್ಲಿ ಕೆಲಸ ಮಾಡುತ್ತಿದ್ದಳು.

ಊರಿನ ಮಕ್ಕಳ ಲೀಗಿನಲ್ಲಿ ನಾಲ್ಕು ತಂಡಗಳು. ಬೇಕರಿಯವರದೊಂದು, ಹಾರ್ಡ್‌ವೇರ್ ಅಂಗಡಿಯವರದೊಂದು, ಅಗ್ನಿಶಾಮಕದವರದೊಂದು, ಲಾಂಡ್ರಿಯವರದೊಂದು. ಎರಡು ತುದಿ ಚೂಪಾದ ಚೆಂಡನ್ನು ಕೈಯಲ್ಲಿ ಹಿಡಿದು ಆಡುವ ಮಕ್ಕಳ ಈ ಅಮೆರಿಕನ್ ಫುಟ್‌ಬಾಲಿನಲ್ಲಿ ಯಾರನ್ನೂ ಕೆಡವುವಂತಿಲ್ಲ, ಓಡುವವರ ಸೊಂಟದಲ್ಲಿ ಜೋತಾಡುವ ಪಟ್ಟಿ ಕಿತ್ತರೆ ಸಾಕು. ಚೆಂಡು ಹಿಡಿದು ಯಾರಿಗೆ ಎಸೆಯಬೇಕು ಎಂದು ನೋಡುವವಳು ಕ್ವಾರ್ಟರ್‌ಬ್ಯಾಕ್. ಅವಳ ಕೈಗೆ ಚೆಂಡು ತಲುಪಿಸುವವಳು ಸೆಂಟರ್. ಲಾಂಡ್ರಿ ತಂಡಕ್ಕೆ ನೊಯೆಮಿ ಕ್ವಾರ್ಟರ್‌ಬ್ಯಾಕ್, ಟಿಲ್ಲಿ ಸೆಂಟರ್.

"ಲಾಂಡ್ರಿಯವ್ರು ಬಂದ್ರು, ಚಡ್ಡಿ ಬಿಚ್ಚಿ ಕೊಡ್ರೋ!" ಎಂದು ಅಗ್ನಿಶಾಮಕ ತಂಡದ ಹುಡುಗರು ಕಳೆದ ವರ್ಷ ರೇಗಿಸಿದ್ದರು. "ಕೊಡಿ ಕೊಡಿ, ನಿಮ್ಮನ್ನೂ ಸೇರಿಸಿ ಒಗೀತೀವಿ," ಎಂದಿದ್ದಳು ನೊಯೆಮಿ. ಹಾಗೇ ಒಗೆದು ಹಾಕಿದ್ದಳು ಕೂಡ. ಫೈನಲ್‌ನಲ್ಲಿ ಮಾತ್ರ ಬೇಕರಿಯವರ ಎದುರು ಒಂದೇ ಒಂದು ಪಾಯಿಂಟಿನಿಂದ ಸೋತಿದ್ದರು. ಅದನ್ನು ನೆನೆದರೆ ಟಿಲ್ಲಿಗೆ ಈಗಲೂ ಬೇಕರಿಯ ಬನ್ನು ಗಂಟಲಲ್ಲಿ ಇಳಿಯುವುದಿಲ್ಲ.

ಕೊಳವೆಯ ಮುಂದೆ ಕೈ ಕಾಯಿಸುತ್ತ ಟಿಲ್ಲಿ ಕೇಳಿದಳು, "ಕೋಚ್ ನಿನ್ನ ಉಳಿಸ್ಕೊಳ್ತಾರೆ ಅಲ್ವಾ?"

ನೊಯೆಮಿ ಚೆಂಡನ್ನು ಒಂದು ಕೈಯಿಂದ ಇನ್ನೊಂದಕ್ಕೆ ಹಾಕಿಕೊಂಡಳು. "ಯಾರಿಗ್ಗೊತ್ತು," ಎಂದಳು.

ಅವಳಿಗೆ ಫೆಬ್ರವರಿಯಲ್ಲಿ ಹನ್ನೆರಡು ತುಂಬಿತ್ತು. ಹನ್ನೆರಡು ತುಂಬಿದವರು ದೊಡ್ಡವರ ಲೀಗಿಗೆ ಹೋಗಬೇಕು. ಅದು ನಡೆಯುವುದು ನದಿಯಾಚೆಯ ಹೈಸ್ಕೂಲ್ ಮೈದಾನದಲ್ಲಿ, ಇವರ ಆಟದ ದಿನವೇ, ಇವರ ಆಟದ ಹೊತ್ತಿಗೇ. ಆದರೆ ಒಂದು ದಾರಿ ಇತ್ತು. ಪ್ರತಿ ತಂಡವೂ ಹನ್ನೆರಡಾದವರಲ್ಲಿ ಒಬ್ಬರನ್ನು ಇನ್ನೊಂದು ವರ್ಷ ಉಳಿಸಿಕೊಳ್ಳಬಹುದು. ಹಾಗೆ ಉಳಿಸಿಕೊಂಡ ತಂಡ, ಹೊಸ ಮಕ್ಕಳನ್ನು ಆರಿಸುವಾಗ ತನ್ನ ಮೊದಲ ಸರದಿ ಬಿಟ್ಟುಕೊಡಬೇಕು. ಈ ಸಲ ಚೀಟಿ ಎತ್ತಿದಾಗ ಎಲ್ಲರಿಗಿಂತ ಮೊದಲ ಸರದಿ ಲಾಂಡ್ರಿಗೇ ಬಂದಿತ್ತು.

ಮರುದಿನ ಶಾಲೆಯ ಬಸ್ಸಿನಲ್ಲಿ ಟಿಲ್ಲಿ ಡ್ರೈವರ್ ಹಿಂದಿನ ಸೀಟಿನಲ್ಲೇ ಕೂತಳು. ಆ ಬಸ್ ಓಡಿಸುವ ಗಸ್ ಹೋರ್ವತ್ ಅವರೇ ಲಾಂಡ್ರಿ ತಂಡದ ಕೋಚ್.

"ಕೋಚ್, ನೊಯೆಮಿನ ಉಳಿಸ್ಕೊಳ್ತೀರಾ?"

"ಬಸ್ ಓಡ್ಸೋವಾಗ ಡ್ರೈವರ್ ಹತ್ರ ಮಾತಾಡ್ಬಾರ್ದು. ಬೋರ್ಡ್ ಕಾಣಲ್ವಾ?"

"ಈಗ ಸಿಗ್ನಲ್‌ನಲ್ಲಿ ನಿಂತಿದೀರಲ್ಲ."

ಕೋಚ್ ಕನ್ನಡಿಯಲ್ಲಿ ಅವಳನ್ನು ನೋಡಿದರು. ಟೋಪಿ ಹಿಂದಕ್ಕೆ ಸರಿಸಿ ಹಣೆ ಕೆರೆದುಕೊಂಡರು. "ನೊಯೆಮಿ ಇದ್ರೆ ಈ ಸಲ ಕಪ್ ನಮ್ದೇ, ಬೇಕಾದ್ರೆ ಬರೆದು ಕೊಡ್ತೀನಿ. ಆದ್ರೆ ಬರೋ ವರ್ಷ? ಆಗ ಅವ್ಳೂ ಇಲ್ಲ, ಬೇರೆ ಯಾರೂ ಇಲ್ಲ. ಆ ಹೊಸ ಹುಡುಗ ವೆಂಡೆಲ್ ಅಂತ ಬಂದಿದಾನಲ್ಲ, ಒಂಬತ್ತು ವರ್ಷ. ಅವನ್ನ ತಗೊಂಡ್ರೆ ಮೂರು ವರ್ಷ ನಮ್ಮೋನು. ಚೆನ್ನಾಗಿ ಎಸೀತಾನಂತೆ. ನಾನಿನ್ನೂ ನೋಡಿಲ್ಲ."

"ಚೆನ್ನಾಗಿ ಎಸೀದೆ ಇದ್ರೆ?"

"ಆಗ ತಲೆನೋವೇ ಇಲ್ಲ. ನೊಯೆಮಿ ಉಳೀತಾಳೆ." ದೀಪ ಹಸಿರಾಯಿತು. ಕೋಚ್ ಗೇರು ಹಾಕಿದರು. "ನಾಳೆ ಹೊಸಬರ ಆಟ ನೋಡೋ ಟ್ರೈಔಟ್‌ನಲ್ಲಿ ಎಲ್ಲರಿಗೂ ನೀನೇ ಬಾಲ್ ಹಾಕು. ನಾಲ್ಕು ತಂಡದಲ್ಲೂ ನಿನ್ನಷ್ಟು ನೆಟ್ಟಗೆ ಹಾಕೋರು ಯಾರೂ ಇಲ್ಲ. ಬಾಲ್ ಸರಿಯಾಗಿ ಬಂದ್ರೆ ತಾನೇ ಕೈ ಹೇಗಿದೆ ಅಂತ ಗೊತ್ತಾಗೋದು?"

ಬೇರೆ ದಿನವಾಗಿದ್ದರೆ ಆ ಹೊಗಳಿಕೆಗೆ ಟಿಲ್ಲಿ ಉಬ್ಬಿ ಹೋಗುತ್ತಿದ್ದಳು. ಆ ದಿನ ಮಾತ್ರ ಕಿಟಕಿಗೆ ಹಣೆ ಒತ್ತಿ ಕೂತಳು.

ಶನಿವಾರ ಬೆಳಗ್ಗೆ ಒಳ್ಳೆಯ ಬಿಸಿಲಿತ್ತು. ವೆಂಡೆಲ್ ಕಿವಿ ಮುಚ್ಚುವ ಉಣ್ಣೆ ಟೋಪಿ ಹಾಕಿಕೊಂಡು ಬಂದಿದ್ದ. ಮುಂದಿನ ಒಂದು ಹಲ್ಲು ಇರಲಿಲ್ಲ. ಎತ್ತರ ನೋಡಿದರೆ ಟಿಲ್ಲಿಯ ಭುಜಕ್ಕೂ ಬರುತ್ತಿರಲಿಲ್ಲ. ಇವನು ಎಸೆಯುವುದು ಅಷ್ಟರಲ್ಲೇ ಇದೆ ಎಂದು ಟಿಲ್ಲಿಗೆ ಸ್ವಲ್ಪ ಸಮಾಧಾನವಾಯಿತು.

ಆದರೆ ಸರದಿಗೆ ಕಾಯುತ್ತ ಅವನು ಬೇಲಿಯ ಹತ್ತಿರ ತನ್ನ ಅಪ್ಪನಿಗೆ ಚೆಂಡು ಎಸೆಯುತ್ತಿದ್ದುದನ್ನು ಅವಳು ನೋಡಿಬಿಟ್ಟಳು. ಅಪ್ಪ ಹಿಂದೆ ಹಿಂದೆ ಹೋಗುತ್ತಲೇ ಇದ್ದರು. ಚೆಂಡು ಪ್ರತಿ ಸಲವೂ ಅವರ ಕೈಗೇ ಹೋಗಿ ಬೀಳುತ್ತಿತ್ತು. ಟಿಲ್ಲಿ ತಟ್ಟನೆ ಕೋಚ್ ಕಡೆ ತಿರುಗಿದಳು. ಕೋಚ್ ಆ ಕಡೆ ನೋಡಿರಲಿಲ್ಲ.

ವೆಂಡೆಲ್‌ನ ಸರದಿ ಬಂತು. "ಸಾರಿ, ನಾನು ಏನಂತ ಕೂಗ್ಬೇಕು?" ಎಂದು ಕೇಳಿದ. ಅವನು ಏನು ಮಾತಾಡಿದರೂ ಮೊದಲು ಸಾರಿ ಅನ್ನುತ್ತಿದ್ದ.

"ಒಂದು ಎರಡು ಮೂರು ಅನ್ನು, ಸಾಕು," ಎಂದಳು ಟಿಲ್ಲಿ. ಕಾಲುಚೀಲ, ಅಂಗಿ ಅವಳ ಮತ್ತು ನೊಯೆಮಿಯ ಮಾತು. ಅದನ್ನು ಇವನಿಗೆ ಯಾಕೆ ಕೊಡಬೇಕು?

"ಒಂದು, ಎರಡು, ಮೂರು!"

ಟಿಲ್ಲಿ ಚೆಂಡು ಹಾಕಿದಳು. ಅದು ಅವನ ಪಾದಕ್ಕೆ ಹೋಗಿ ಬಡಿಯಿತು. ಅವನು ಬಗ್ಗಿ ತಡಕಾಡುವಷ್ಟರಲ್ಲಿ ಉರುಳಿ ಹೋಯಿತು.

"ಸಾರಿ," ಎಂದ ವೆಂಡೆಲ್, ಟಿಲ್ಲಿಗೆ.

ಎರಡನೆಯದು ಇನ್ನೂ ಕೆಳಗೆ, ಎಡಕ್ಕೆ ಹೋಯಿತು. ಚೂಪು ತುದಿ ಅವನ ಮೊಣಕಾಲಿನ ಕೆಳಗೆ ತಾಗಿತು. ಅವನು ಕಾಲು ಉಜ್ಜಿಕೊಂಡು ಮತ್ತೆ ನಿಂತ. ಅಗ್ನಿಶಾಮಕ ತಂಡದವರು ಕಿಸಕ್ಕನೆ ನಕ್ಕರು. "ಬಾಲನ್ನ ಒಗೆಯೋಕೆ ಕೊಟ್ಟಿದೀಯೇನೋ!" ಎಂದ ಒಬ್ಬ.

ಮೂರನೆಯದು ನೆಲಕ್ಕೆ ಪುಟಿದು ಅವನ ಬೆರಳಿಗೆ ತಾಗಿ ಸಿಡಿಯಿತು. ಒಬ್ಬೊಬ್ಬರಿಗೆ ಮೂರೇ ಅವಕಾಶ. ಕೋಚ್ ಗಸ್ ತಮ್ಮ ಹಾಳೆಯಲ್ಲಿ ಏನೋ ಗೀಚಿದರು. "ಕೈ ಇನ್ನೂ ಬಲಿತಿಲ್ಲ," ಎಂದು ಅವರು ಪಕ್ಕದವರಿಗೆ ಹೇಳಿದ್ದು ಟಿಲ್ಲಿಗೆ ಕೇಳಿಸಿತು. ನೊಯೆಮಿ ಉಳಿದಳು! ಆದರೂ ಟಿಲ್ಲಿಗೆ ತಲೆ ಎತ್ತಲು ಆಗಲಿಲ್ಲ.

ತಲೆ ಬಗ್ಗಿಸಿ ಕಾಲುಗಳ ಸಂದಿಯಿಂದಲೇ ನೋಡುತ್ತಿದ್ದಾಗ ಎರಡು ಬೂಟುಗಳು ಹತ್ತಿರ ಬಂದವು. ಅವು ನೊಯೆಮಿಯ ಬೂಟುಗಳು. ಹಳೆಯ ಆಟಗಾರರ ಜೊತೆ ಬೇಲಿಗೆ ಒರಗಿ ನಿಂತಿದ್ದವಳು ಮೈದಾನದ ನಡುವಿಗೆ ಬಂದಿದ್ದಳು.

"ಕೋಚ್, ಬಾಲ್ ಒದ್ದೆ ಇತ್ತು," ಎಂದಳು ನೊಯೆಮಿ ಗಟ್ಟಿಯಾಗಿ. "ಅವನಿಗೆ ಇನ್ನೊಂದ್ಸಲ ಕೊಡಿ."

ಮಳೆ ಬಂದು ಐದು ದಿನವಾಗಿತ್ತು. ಹುಲ್ಲು ಒಣಗಿ ಚುಚ್ಚುತ್ತಿತ್ತು. ನೊಯೆಮಿ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಟವೆಲ್ ತೆಗೆದು, ಒಣಗೇ ಇದ್ದ ಚೆಂಡನ್ನು ಚೆನ್ನಾಗಿ ಒರೆಸಿದಳು. ಆಮೇಲೆ ಟಿಲ್ಲಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಅದನ್ನು ಹುಲ್ಲಿನ ಮೇಲಿಟ್ಟಳು.

"ನಂಗೆ ಹಾಕೋ ಹಾಗೆ ಹಾಕು," ಎಂದಳು ಮೆಲ್ಲಗೆ.

ಅವಳು ಬೈದಿದ್ದರೆ ಟಿಲ್ಲಿಗೆ ತಿರುಗಿ ಬೈಯಬಹುದಿತ್ತು. ಬೈಯಲಿಲ್ಲ. ಎದ್ದು ಬೇಲಿಯ ಕಡೆ ಹೊರಟುಹೋದಳು.

"ಒಂದು, ಎರಡು, ಮೂರು!"

ಟಿಲ್ಲಿ ಹಾಕಿದಳು. ಈ ಸಲ ಚೆಂಡು ನೆಟ್ಟಗೆ ಹೋಯಿತು. ವೆಂಡೆಲ್ ಹಿಡಿದ, ಒಂದು ಹೆಜ್ಜೆ ಹಿಂದೆ ಸರಿದ, ಎಸೆದ. ಅಷ್ಟು ಚಿಕ್ಕ ಹುಡುಗನ ಕೈಯಿಂದ ಹೊರಟ ಚೆಂಡು ಎಲ್ಲರ ತಲೆಯ ಮೇಲಿಂದ ಗಿರ್ರನೆ ಸುತ್ತುತ್ತ ಹೋಗಿ, ದೂರದ ಮೂಲೆಯಲ್ಲಿ ಓಡುತ್ತಿದ್ದ ಹುಡುಗಿಯ ಕೈಗೆ ಬಿತ್ತು. ಅವಳು ಓಟ ನಿಧಾನಿಸಬೇಕಾಗಲೇ ಇಲ್ಲ.

ಯಾರೂ ನಗಲಿಲ್ಲ. ಕೋಚ್ ಗಸ್ ಬಾಯಲ್ಲಿದ್ದ ಸೀಟಿ ಜಾರಿ ಎದೆಯ ಮೇಲೆ ನೇತಾಡಿತು. "ಇನ್ನೊಂದು ಹಾಕು, ಟಿಲ್ಲಿ," ಎಂದರು. ಹಾಕಿದಳು. ಅದೂ ಹಾಗೇ ಹೋಯಿತು.

ಮನೆಗೆ ಹೋಗುವಾಗ ಇಬ್ಬರೂ ರಸ್ತೆಯ ಒಂದೊಂದು ಅಂಚಿನಲ್ಲಿ ನಡೆದರು.

"ನಿಂಗೆ ಹೇಗೆ ಗೊತ್ತಾಯ್ತು?" ಎಂದು ಕೊನೆಗೆ ಟಿಲ್ಲಿಯೇ ಕೇಳಿದಳು.

"ಎರಡು ವರ್ಷದಿಂದ ನಿನ್ನ ಬಾಲ್ ಹಿಡೀತಾ ಇದೀನಿ. ಮೂರು ಸಲ ಕಾಲಿಗೆ ಹಾಕ್ತೀಯಾ ನೀನು? ಜ್ವರ ಬಂದಾಗ್ಲೂ ಹಾಗೆ ಹಾಕಿಲ್ಲ."

"ನೀನು ಹೋಗ್ಬಾರ್ದು ಅಂತ ಹಾಗೆ ಮಾಡ್ದೆ!"

"ಗೊತ್ತು."

"ಗೊತ್ತಿದ್ರೆ ಸುಮ್ನಿರ್ಬೇಕಿತ್ತು. ನಿಂಗೇ ಹೋಗೋಕೆ ಆಸೆ. ದೊಡ್ಡೋರ ಲೀಗು, ದೊಡ್ಡ ಮೈದಾನ. ನಾವೆಲ್ಲ ಯಾಕೆ ಬೇಕು ನಿಂಗೆ!"

ನೊಯೆಮಿ ಕಾಲಿಗೆ ಸಿಕ್ಕ ಒಂದು ಕಲ್ಲನ್ನು ತನ್ನ ಮನೆಯ ಮೆಟ್ಟಿಲಿನವರೆಗೂ ಒದ್ದುಕೊಂಡು ಹೋದಳು. ಅಲ್ಲಿ ಕಲ್ಲನ್ನು ಬಿಟ್ಟು ಒಳಗೆ ಹೋದಳು.

ಆ ಇಡೀ ವಾರ ಟಿಲ್ಲಿ ಓಣಿಗೆ ಹೋಗಲಿಲ್ಲ. ಮನಸ್ಸೇನೋ ದಿನಾ ಹೋಗುತ್ತಿತ್ತು. ಶಾಲೆಯಿಂದ ಬಂದು ಲಾಂಡ್ರಿಯ ಒಳಗೆ ಕೂತು ಅಮ್ಮನ ಜೊತೆ ಟವೆಲ್ ಮಡಿಸುವಾಗ ಅವಳ ಕಿವಿ ಹಿಂಬಾಗಿಲ ಕಡೆಗೇ ಇರುತ್ತಿತ್ತು. ಈಗ ಕೂಗುತ್ತಾಳೆ, ಈಗ ಕೂಗುತ್ತಾಳೆ ಎಂದು ಕಾಯುತ್ತಿತ್ತು. ಯಂತ್ರಗಳು ಗರಗರ ತಿರುಗುವ ಸದ್ದು ಬಿಟ್ಟರೆ ಏನೂ ಕೇಳಿಸುತ್ತಿರಲಿಲ್ಲ.

"ಜಗಳಾನಾ?" ಎಂದು ಅಮ್ಮ ಕೇಳಿದಳು.

"ಇಲ್ಲಮ್ಮ."

"ಹಾಗಾದ್ರೆ ಆ ಟವೆಲ್ ಏನು ತಪ್ಪು ಮಾಡ್ತು? ಯಾಕೆ ಹಾಗೆ ಗುದ್ದುತಾ ಇದೀಯಾ?"

ಆರಿಸುವ ದಿನ ಶುಕ್ರವಾರ. ಈಸ್ಟರ್‌ಗೆ ಮುಂಚಿನ ಶುಕ್ರವಾರಗಳಲ್ಲಿ ಸಂಜೆ ಚರ್ಚಿನ ಕೆಳಗಿನ ಹಾಲ್‌ನಲ್ಲಿ ಊರಿಗೆಲ್ಲ ಮೀನೂಟ. ಅಂಥ ಒಂದು ಊಟದ ನಡುವೆಯೇ ನಾಲ್ವರು ಕೋಚ್‌ಗಳು ಉದ್ದ ಮೇಜಿಗೆ ಕೂತು, ಒಂದು ಕೈಯಲ್ಲಿ ಹುರಿದ ಮೀನು, ಇನ್ನೊಂದರಲ್ಲಿ ಪೆನ್ನು ಹಿಡಿದು ಮಕ್ಕಳನ್ನು ಆರಿಸುತ್ತಾರೆ. ತಂಡದ ಅಂಗಿಗಳು ತಂಡದ್ದೇ. ತಂಡ ಉಳಿಸಿಕೊಂಡವರು ತಮ್ಮ ಹಳೆಯ ಅಂಗಿಯನ್ನು ಅಲ್ಲೇ ಹಾಕಿಕೊಂಡು ತೋರಿಸುತ್ತಾರೆ. ಹೋಗುವವರು ಮಡಿಸಿ ಹೊಸಬರ ಕೈಗೆ ಕೊಡುತ್ತಾರೆ.

ಹಾಲ್‌ನಲ್ಲಿ ಎಣ್ಣೆಯ ಹೊಗೆ, ಜನ, ಸೆಕೆ. ಎಲ್ಲರೂ ಕೋಟು ಕಳಚಿ ಕುರ್ಚಿಯ ಬೆನ್ನಿಗೆ ಹಾಕಿದ್ದರು. ನೊಯೆಮಿ ಮಾತ್ರ ಕೋಟಿನ ಜಿಪ್ಪನ್ನು ಗಲ್ಲದವರೆಗೂ ಎಳೆದುಕೊಂಡು ಕೂತಿದ್ದಳು. ಅವಳ ಮೂಗಿನ ಮೇಲೆ ಬೆವರು ಕಾಣುತ್ತಿತ್ತು.

ಟಿಲ್ಲಿ ತಟ್ಟೆ ಹಿಡಿದು ಹೋಗಿ ಅವಳ ಪಕ್ಕದಲ್ಲೇ ಕೂತಳು. ಬೇರೆ ಖಾಲಿ ಕುರ್ಚಿಗಳಿದ್ದವು.

"ಸೆಕೆ ಆಗಲ್ವಾ?"

"ಇಲ್ಲ."

"ಬೆವರ್ತಾ ಇದೀಯ."

"ಮೀನು ತಿನ್ನು ಸುಮ್ನೆ," ಎಂದಳು ನೊಯೆಮಿ.

ಕೋಚ್ ಗಸ್ ಎದ್ದು ನಿಂತರು. ಟೋಪಿ ತೆಗೆದರು, ಹಾಕಿಕೊಂಡರು, ಮತ್ತೆ ತೆಗೆದರು. ನೊಯೆಮಿಯ ಕೈ ನಿಧಾನವಾಗಿ ಜಿಪ್ಪಿನ ಮೇಲೆ ಬಂತು.

"ಲಾಂಡ್ರಿ ತಂಡ..." ಎಂದರು ಕೋಚ್. "ಈ ವರ್ಷ ಹನ್ನೆರಡಾದೋರನ್ನ ಯಾರನ್ನೂ ಉಳಿಸ್ಕೊಳ್ತಾ ಇಲ್ಲ. ನಮ್ಮ ಮೊದಲ ಸರದಿ, ವೆಂಡೆಲ್."

ಯಾರೋ ಚಪ್ಪಾಳೆ ತಟ್ಟಿದರು. ನೊಯೆಮಿಯ ಕೈ ಜಿಪ್ಪಿನಿಂದ ಕೆಳಗಿಳಿಯಿತು.

"ಬಂದೆ ಇರು," ಎಂದು ಎದ್ದು ಬಾತ್‌ರೂಮಿನ ಕಡೆ ಹೋದಳು. ವಾಪಸ್ ಬಂದಾಗ ಕೋಟು ತೆರೆದಿತ್ತು, ಒಳಗೆ ಬರೀ ಒಂದು ಬೂದು ಬಣ್ಣದ ಬನಿಯನ್. ಕೈಯಲ್ಲಿ ನೀಲಿ ಅಂಗಿ ಅಚ್ಚುಕಟ್ಟಾಗಿ ಮಡಿಸಿತ್ತು, ಏಳನೇ ನಂಬರು ಮೇಲಕ್ಕೆ ಕಾಣುವ ಹಾಗೆ. ಕಣ್ಣು ಸ್ವಲ್ಪ ಕೆಂಪಾಗಿತ್ತು. ಮುಖ ತೊಳೆದುಕೊಂಡಿದ್ದಳು.

ನೇರವಾಗಿ ವೆಂಡೆಲ್ ಹತ್ತಿರ ಹೋದಳು. "ತಗೋ. ದೊಡ್ಡದಾಗುತ್ತೆ. ಪ್ಯಾಂಟಿನೊಳಗೆ ಸೇರಿಸ್ಕೊಂಡ್ಬಿಡು."

ವೆಂಡೆಲ್ ಅಂಗಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. "ಸಾರಿ," ಎಂದ. ಆಮೇಲೆ ಆಶ್ಚರ್ಯದಿಂದ, "ಬೆಚ್ಚಗಿದೆ!" ಎಂದ.

ಟಿಲ್ಲಿಯ ಬಾಯಲ್ಲಿದ್ದ ಮೀನು ಅಲ್ಲೇ ನಿಂತಿತು. ನೊಯೆಮಿ ಆ ಅಂಗಿಯನ್ನು ಹಾಕಿಕೊಂಡೇ ಬಂದಿದ್ದಳು. ಕೋಟಿನೊಳಗೆ, ಯಾರಿಗೂ ಕಾಣದ ಹಾಗೆ. ತನ್ನ ಹೆಸರು ಕರೆಯುತ್ತಾರೆ, ಜಿಪ್ ಎಳೆದು ತೋರಿಸುತ್ತೇನೆ ಎಂದು ಕೊನೆಯವರೆಗೂ ಕಾದಿದ್ದಳು. ಅವಳಿಗೂ ಹೋಗಲು ಇಷ್ಟವಿರಲಿಲ್ಲ. ಶನಿವಾರ ಬೇಲಿಗೆ ಒರಗಿಕೊಂಡು ಸುಮ್ಮನಿದ್ದಿದ್ದರೆ ಸಾಕಿತ್ತು. ಸುಮ್ಮನಿರದೆ ಮೈದಾನದ ನಡುವಿನವರೆಗೂ ನಡೆದು ಬಂದಿದ್ದಳು.

ನೊಯೆಮಿ ಮತ್ತೆ ಬಂದು ಪಕ್ಕದಲ್ಲಿ ಕೂತಳು. ಟಿಲ್ಲಿ ತನ್ನ ತಟ್ಟೆಯಲ್ಲಿದ್ದ ಗರಿಗರಿ ತುಂಡನ್ನು ಎತ್ತಿ ಅವಳ ತಟ್ಟೆಗೆ ಹಾಕಿದಳು.

"ನೀನೇ ತಿನ್ನೇ," ಎಂದಳು ನೊಯೆಮಿ. ಆದರೆ ತಿಂದಳು.

ಮಂಗಳವಾರ ಮೊದಲ ಅಭ್ಯಾಸ. ನದಿಯ ಮೇಲಿಂದ ಗಾಳಿ ಬೀಸುತ್ತಿತ್ತು. ಆಚೆ ದಡದ ಹೈಸ್ಕೂಲ್ ಮೈದಾನದಿಂದ ಆಗಾಗ ಸೀಟಿಯ ಸದ್ದು ತೇಲಿ ಬರುತ್ತಿತ್ತು. ಪ್ರತಿ ಸಲವೂ ಟಿಲ್ಲಿಯ ತಲೆ ಆ ಕಡೆ ತಿರುಗುತ್ತಿತ್ತು. ಇಲ್ಲಿಂದ ಯಾರೂ ಕಾಣುತ್ತಿರಲಿಲ್ಲ, ಕಂಬಗಳ ಮೇಲಿನ ದೊಡ್ಡ ದೀಪಗಳು ಮಾತ್ರ. ಅಲ್ಲಿ ಈಗ ನೊಯೆಮಿಯೇ ಎಲ್ಲರಿಗಿಂತ ಚಿಕ್ಕವಳು. ಅವಳಿಗೆ ಚೆಂಡು ಯಾರು ಹಾಕುತ್ತಿದ್ದಾರೋ, ಹೇಗೆ ಹಾಕುತ್ತಿದ್ದಾರೋ?

"ಟಿಲ್ಲಿ! ಊರೆಲ್ಲ ನೋಡಿದ್ದು ಸಾಕು, ಬಾಲ್ ಹಾಕು!" ಎಂದರು ಕೋಚ್ ಗಸ್.

ಟಿಲ್ಲಿ ಬಗ್ಗಿದಳು. ಹಿಂದೆ ವೆಂಡೆಲ್ ತಲೆಕೆಳಗಾಗಿ ನಿಂತಿದ್ದ. ಸೇರಿಸಿಕೊಂಡಿದ್ದ ಅಂಗಿ ಆಗಲೇ ಹೊರಗೆ ಬಂದು ಮೊಣಕಾಲಿನವರೆಗೆ ಇಳಿದಿತ್ತು.

"ಒಂದು, ಎರಡು, ಮೂರು!"

ಟಿಲ್ಲಿ ಹಾಕಲಿಲ್ಲ. ಎಲ್ಲರೂ ಓಡಿಹೋದರು, ಚೆಂಡು ಮಾತ್ರ ಅವಳ ಕೈಯಲ್ಲೇ ಉಳಿಯಿತು. ಬೇಕೆಂದು ಮಾಡಿದ್ದಲ್ಲ. ಅವಳ ಕೈಗೆ ಮೂರು ಎಂದರೆ ತಿಳಿಯುವುದಿಲ್ಲ, ಅಂಗಿ ಎಂದರೆ ಮಾತ್ರ ತಿಳಿಯುತ್ತದೆ. ಎಲ್ಲರೂ ಗೊಳ್ಳೆಂದು ನಕ್ಕರು. ವೆಂಡೆಲ್ ತನ್ನದೇ ತಪ್ಪು ಎನ್ನುವಂತೆ ತಲೆ ತಗ್ಗಿಸಿದ.

ಎರಡನೆಯ ಸಲ ಟಿಲ್ಲಿ ಮೈಯೆಲ್ಲ ಕಿವಿಯಾಗಿ ಕಾದು ಸರಿಯಾದ ಹೊತ್ತಿಗೆ ಹಾಕಿದಳು. ಚೆಂಡು ನೆಟ್ಟಗೆ ಅವನ ಎದೆಗೇ ಹೋಯಿತು. ಆದರೆ ವೆಂಡೆಲ್ ಹೆದರಿ ಸೆಟೆದುಕೊಂಡಿದ್ದ. ಕೈಗೆ ಬಂದ ಚೆಂಡು ಬೆರಳುಗಳ ನಡುವಿನಿಂದ ಜಾರಿ ಹುಲ್ಲಿಗೆ ಬಿತ್ತು.

"ಏನಾಯ್ತಪ್ಪಾ?" ಎಂದು ಕೋಚ್ ಗಸ್ ಸೊಂಟದ ಮೇಲೆ ಕೈಯಿಟ್ಟು ಬಂದರು. ವೆಂಡೆಲ್ ಸಾರಿ ಎನ್ನಲು ಬಾಯಿ ತೆರೆದ.

"ಬಾಲ್ ಒದ್ದೆ ಇತ್ತು, ಕೋಚ್," ಎಂದಳು ಟಿಲ್ಲಿ.

ಕೋಚ್ ಒಣ ಹುಲ್ಲನ್ನು ನೋಡಿದರು. ಬಿಸಿಲನ್ನು ನೋಡಿದರು. ಟಿಲ್ಲಿಯನ್ನು ಸ್ವಲ್ಪ ಹೊತ್ತು ನೋಡಿದರು. "ಹೌದಾ? ಹಾಗಾದ್ರೆ ಒರೆಸ್ಕೊಳ್ಳಿ," ಎಂದು ಟೋಪಿ ಸರಿ ಮಾಡಿಕೊಂಡು ಹಿಂದಕ್ಕೆ ಹೋದರು.

ಟಿಲ್ಲಿ ಚೆಂಡನ್ನು ಎತ್ತಿ ತನ್ನ ಅಂಗಿಯ ತುದಿಯಿಂದ ಒರೆಸಿದಳು. ಎಲ್ಲ ಕಡೆ ಬರುವ ಹಾಗೆ, ನಿಧಾನವಾಗಿ.

"ಒಂದು ಎರಡು ಮೂರು ಬೇಡ," ಎಂದಳು ವೆಂಡೆಲ್‌ಗೆ. "ಕಾಲುಚೀಲ, ಕಾಲುಚೀಲ, ಅಂಗಿ. ಅಂಗಿ ಅಂದಾಗ ನಾನು ಹಾಕ್ತೀನಿ."

"ಕಾಲುಚೀಲಾನಾ?" ವೆಂಡೆಲ್ ನಕ್ಕ. ಹಲ್ಲಿಲ್ಲದ ಜಾಗ ಕಂಡಿತು.

"ಹೂಂ. ಜೋರಾಗಿ ಕೂಗು. ಆಚೆ ದಡಕ್ಕೂ ಕೇಳ್ಬೇಕು."

ಅವನು ಎದೆ ತುಂಬ ಉಸಿರು ಎಳೆದುಕೊಂಡ. ಟಿಲ್ಲಿ ಬಗ್ಗಿ, ಎರಡೂ ಕೈ ಚೆಂಡಿನ ಮೇಲಿಟ್ಟು ಕಾದಳು.